ಸೇರಿಗೂ ತಕ್ಕಡಿಗೂ ನಡುವೆ ಒಂದು ಚಿಟಿಕೆ ಮದ್ದು

24.1, 24.0, 24.2, 24.1, 24.1, 23.3, 24.9, 24.0, 24.2, 24.1.

ಜನವರಿಯ ಒಂದು ರಾತ್ರಿ ಓಹಾಯೋದ ನಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಖಾಲಿ ತೋಟೆಗಳಿಗೆ ಮದ್ದು ತುಂಬುವಾಗ ಬರೆದಿಟ್ಟುಕೊಂಡ ಹತ್ತು ತೂಕಗಳಿವು. ಎಲ್ಲವೂ ಗ್ರೇನ್ ಲೆಕ್ಕ. ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಿಯಾಗಿ 24.1 ಬರುತ್ತದೆ. ನನಗೆ ಬೇಕಾಗಿದ್ದದ್ದೂ ಅಷ್ಟೇ. ಆದರೂ ಅಂದು ಕೆಲಸ ಅಲ್ಲಿಗೇ ನಿಲ್ಲಿಸಿದೆ. ಆರನೆಯದು ಇಳಿದಿದೆ, ಅದರ ಬೆನ್ನಿಗೇ ಏಳನೆಯದು ಏರಿದೆ. ಎರಡನ್ನೂ ಕೂಡಿಸಿದರೆ 48.2, ಅಂದರೆ 24.1ರ ಎರಡು ಪಾಲು. ಮದ್ದು ಅಳೆದು ಸುರಿಯುವ ಯಂತ್ರ ಎರಡು ಸಲವೂ ಅಳೆದದ್ದು ಸರಿಯಾಗಿಯೇ. ಒಂದರ ಪಾಲಿನ 0.8 ಗ್ರೇನ್ ದಾರಿಯಲ್ಲೆಲ್ಲೋ ಸಿಕ್ಕಿಕೊಂಡು ಮುಂದಿನದರ ಜೊತೆ ಬಿದ್ದಿತ್ತು.

ಅಮೆರಿಕದಲ್ಲಿ ಬಳಸಿದ ತೋಟೆಯ ಹಿತ್ತಾಳೆ ಕೋಶವನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವುದು ಹಳೆಯ ಹವ್ಯಾಸ. ಗುರಿ ಸ್ಪರ್ಧೆಗೆ ಹೋಗುವವರು, ಜಿಂಕೆ ಬೇಟೆಯ ಪರವಾನಗಿ ಪಡೆದವರು, ಹಳೆಯ ಬಂದೂಕಿಗೆ ಅಂಗಡಿಯಲ್ಲಿ ತೋಟೆ ಸಿಗದವರು ಇದನ್ನು ಮಾಡುತ್ತಾರೆ. ಮಲೆನಾಡಿನ ಮಾತಿನಲ್ಲೇ ಹೇಳುವುದಾದರೆ, ಸುಟ್ಟ ಕೇಪು ತೆಗೆದು ಹೊಸ ಕೇಪು ಕೂರಿಸಿ, ಮದ್ದು ಸುರಿದು, ಗುಂಡು ಒತ್ತಿದರೆ ತೋಟೆ ತಯಾರು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅದಕ್ಕೆ ಕಾನೂನಿನ ಒಪ್ಪಿಗೆಯಿರುವ ದೇಶದ ಮಾತು.

ಅಳತೆಯ ಮಾನವನ್ನು ಮೊದಲು ತಿಳಿದುಕೊಳ್ಳಬೇಕು. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಹಿರಿಯರಿಗೂ ಇದು ಅಪರಿಚಿತವಲ್ಲ. 1833ರಲ್ಲಿ ಕಂಪನಿ ಸರ್ಕಾರ ತೊಲೆಯ ತೂಕವನ್ನು 180 ಗ್ರೇನ್ ಎಂದು ನಿಗದಿ ಮಾಡಿತ್ತು. ತೊಲೆಗೆ 96 ಗುಲಗಂಜಿ ಎಂದರೆ ಒಂದು ಗ್ರೇನ್ ಹೆಚ್ಚುಕಡಿಮೆ ಅರ್ಧ ಗುಲಗಂಜಿ. ಮದ್ದು ತುಂಬುವವರು ತಲೆಕೆಡಿಸಿಕೊಳ್ಳುವುದು ಗ್ರೇನಿನ ಹತ್ತನೆಯ ಒಂದು ಪಾಲಿಗೆ, ಆರೂವರೆ ಮಿಲಿಗ್ರಾಮಿಗೆ. ಕಣ್ಣಂದಾಜಿಗೆ ಸಿಗದಷ್ಟು ಸಣ್ಣದು ಅದು.

ಇಷ್ಟು ಸೂಕ್ಷ್ಮ ಕೆಲಸಕ್ಕೆ ಬಳಸುವ ಸಾಧನ ಮಾತ್ರ ತೂಗುವುದೇ ಇಲ್ಲ. ಅಮೆರಿಕನ್ನರು ಪೌಡರ್ ಮೆಷರ್ ಎಂದು ಕರೆಯುವ ಈ ಯಂತ್ರದಲ್ಲಿ ಮೇಲೊಂದು ಮದ್ದಿನ ಕೊಳವೆ, ಕೆಳಗೆ ಗುಳಿಯಿರುವ ಲೋಹದ ಉರುಳೆ. ಹಿಡಿ ಎತ್ತಿದರೆ ಗುಳಿ ತುಂಬುತ್ತದೆ, ಇಳಿಸಿದರೆ ಉರುಳೆ ತಿರುಗಿ ಮದ್ದು ಲಾಳಿಕೆಗೆ ಬೀಳುತ್ತದೆ. ತಿರುಪು ತಿರುಗಿಸಿ ಗುಳಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಅಷ್ಟೇ. ನಮ್ಮ ಸೇರು, ಪಾವು, ಚಟಾಕುಗಳ ವಂಶಕ್ಕೇ ಸೇರಿದ್ದು ಇದು. ಬಂದೂಕು ಕೇಳುವುದು ತೂಕ, ಯಂತ್ರ ಕೊಡುವುದು ಗಾತ್ರ. ಅಳತೆ ತಪ್ಪುವ ದೂರುಗಳೆಲ್ಲ ಹುಟ್ಟುವುದು ಈ ಎರಡರ ನಡುವಿನ ಸಂದಿಯಲ್ಲಿ.

ಕರಿಮದ್ದಿನ ಕಾಲದಲ್ಲಿ ಈ ಸಂದಿ ಯಾರನ್ನೂ ಕಾಡಿರಲಿಲ್ಲ. ನನ್ನ ಅಜ್ಜನ ಕೇಪಿನ ಕೋವಿಗೆ ಒಂದು ಪುಟ್ಟ ಬಿದಿರಿನ ಅಂಡೆಯೇ ಅಳತೆ. ಅದರ ತುಂಬ ಮದ್ದು, ಮೇಲೆ ತೆಂಗಿನ ನಾರು, ಚರೆ, ಮತ್ತೆ ನಾರು, ಗಜದಿಂದ ನಾಲ್ಕು ಗುದ್ದು. ಒಂದು ಚಿಟಿಕೆ ಹೆಚ್ಚುಕಡಿಮೆಯಾದರೆ ಸದ್ದು ಸ್ವಲ್ಪ ಬೇರೆಯಾಗುತ್ತಿತ್ತೇ ಹೊರತು ಕೋವಿ ಸಿಡಿಯುತ್ತಿರಲಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದ ಮೇಲೆ ಆ ಸಡಿಲಿಕೆ ಹೋಯಿತು. ಹೊಸ ಮದ್ದು ಅಷ್ಟೇ ಜಾಗದಲ್ಲಿ ಹಲವು ಪಟ್ಟು ಶಕ್ತಿ ಹಿಡಿದಿಡುತ್ತಿತ್ತು. ಬೇಟೆಗಾರರ ಕೈಯಲ್ಲಿದ್ದದ್ದು ಅದೇ ಹಳೆಯ ಅಳತೆ. ಆ ಅಭ್ಯಾಸಕ್ಕೆ ಹೊಂದುವಂತೆ ತಯಾರಕರು ಕರಿಮದ್ದಿನಷ್ಟೇ ಜಾಗ ಹಿಡಿಯುವ ಉಬ್ಬಿದ ಹೊಗೆರಹಿತ ಮದ್ದನ್ನೂ ಮಾರಿದರು. ಅದರ ಪಕ್ಕದಲ್ಲೇ ಸಾಂದ್ರ ಮದ್ದೂ ಮಾರಾಟಕ್ಕಿತ್ತು. ಒಂದರ ಅಳತೆಯಲ್ಲಿ ಇನ್ನೊಂದನ್ನು ತುಂಬಿದವರ ಬಂದೂಕುಗಳು ಒಡೆದವು. ಚರೆಯ ತೋಟೆಗಳ ಪೆಟ್ಟಿಗೆಯ ಮೇಲೆ ಇಂದಿಗೂ ಕಾಣುವ ‘ಡ್ರಾಮ್ ಈಕ್ವಿವಲೆಂಟ್’ ಎಂಬ ಅಂಕಿ ಆ ಕಾಲದ ಪಳೆಯುಳಿಕೆ. ಒಳಗಿರುವ ಮದ್ದು ಎಷ್ಟು ಡ್ರಾಮ್ ಕರಿಮದ್ದಿಗೆ ಸಮ ಎನ್ನುವುದನ್ನು ಅದು ಹೇಳುತ್ತದೆ, ಮದ್ದಿನ ನಿಜವಾದ ತೂಕವನ್ನಲ್ಲ.

ಹೀಗಿದ್ದೂ ಗಾತ್ರದ ಅಳತೆಯನ್ನು ಯಾರೂ ಬಿಡಲಿಲ್ಲ, ಕಾರಣ ವೇಗ. ನೂರು ತೋಟೆಗೆ ಒಂದೊಂದಾಗಿ ತೂಗಿ ಹಾಕಲು ಸಂಜೆಯೆಲ್ಲ ಬೇಕು, ಹಿಡಿಯೆಳೆದು ಸುರಿದರೆ ಕಾಲು ಗಂಟೆ ಸಾಕು. ಜಾನ್ ಬಾರ್ಲೋ ಕನೆಕ್ಟಿಕಟ್‌ನಲ್ಲಿ ಕಟ್ಟಿದ ಐಡಿಯಲ್ ಕಂಪನಿಯ ಅಳತೆಯಂತ್ರಗಳು 1925ರಲ್ಲಿ ಲೈಮನ್ ಕಂಪನಿಗೆ ಹೋದವು. ಇಂದಿನ ಯಂತ್ರಗಳ ಒಳಗಿನ ತತ್ತ್ವ ಇನ್ನೂ ಅಂದಿನದೇ. ವಿಸ್ಕಾನ್ಸಿನ್‌ನ ರಿಚರ್ಡ್ ಲೀ ಕಟ್ಟಿದ ಕಂಪನಿ ಪ್ಲಾಸ್ಟಿಕ್ ಚಮಚಗಳನ್ನೇ ಗೊಂಚಲು ಕಟ್ಟಿ ಮಾರುತ್ತದೆ. ಮದ್ದಿನಲ್ಲಿ ಅದ್ದಿ, ತಲೆ ಸವರಿ, ಸುರಿದರೆ ಆಯಿತು. ಅದನ್ನು ಕೀಳಾಗಿ ಕಾಣುವವರಿದ್ದಾರೆ. ಆದರೆ ಒಂದೇ ಹದದಲ್ಲಿ ಕೈಯಾಡಿಸಬಲ್ಲವರು ಆ ಚಮಚದಿಂದಲೂ ಅಚ್ಚುಕಟ್ಟಾಗಿ ಅಳೆದದ್ದನ್ನು ನಾನು ಕಂಡಿದ್ದೇನೆ.

ಸೇರಿನಲ್ಲಿ ಅಳೆದವರಿಗೆ ಕೈಯ ಹದದ ಮಾತು ಬಿಡಿಸಿ ಹೇಳಬೇಕಿಲ್ಲ. ಸಾಲ ಕೊಡುವಾಗ ಅಕ್ಕಿಯನ್ನು ಮೇಲಿನಿಂದ ಮೆಲ್ಲಗೆ ಸುರಿದು ತಲೆ ಸವರುವವರೇ, ವಾಪಸು ಪಡೆಯುವಾಗ ಸೇರನ್ನು ನೆಲಕ್ಕೆ ಕುಟ್ಟಿ, ಕುಲುಕಿ ತುಂಬಿಸಿಕೊಳ್ಳುತ್ತಿದ್ದರು. ಸೇರು ಅದೇ, ಅಕ್ಕಿ ಮಾತ್ರ ಬೇರೆ. ಟೊರಾಂಟೊದ ಭೌತವಿಜ್ಞಾನಿ ಜಿ. ಡಿ. ಸ್ಕಾಟ್ 1960ರಲ್ಲಿ ಉಕ್ಕಿನ ಗೋಲಿಗಳನ್ನು ಪಾತ್ರೆಗಳಲ್ಲಿ ತುಂಬಿ ಇದನ್ನೇ ಅಳೆದರು. ಸುಮ್ಮನೆ ಸುರಿದರೆ ಪಾತ್ರೆಯ ಜಾಗದಲ್ಲಿ ಗೋಲಿ ಹಿಡಿಯುವುದು ನೂರಕ್ಕೆ ಸುಮಾರು 60 ಪಾಲು, ಚೆನ್ನಾಗಿ ಅಲ್ಲಾಡಿಸಿದರೆ ಸುಮಾರು 64. ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ಆದರೆ ಆ ಲೆಕ್ಕವನ್ನು 25 ಗ್ರೇನ್ ಮದ್ದಿಗೆ ಹಚ್ಚಿದರೆ ಒಂದೂವರೆ ಗ್ರೇನಿನ ಏರುಪೇರಾಗುತ್ತದೆ. ಇಷ್ಟು ಚಂಚಲವಾದ ವಸ್ತುವನ್ನು ಅಳೆಯುವ ಒಂದು ಉರುಳೆ 0.1 ಗ್ರೇನ್ ಒಳಗೆ ನಿಲ್ಲುವುದೇ ನನಗೆ ಬೆರಗು. ಯಂತ್ರವನ್ನು ಬೈಯುವ ಮುನ್ನ ಇಷ್ಟು ಗೌರವವನ್ನಾದರೂ ಅದಕ್ಕೆ ಕೊಡಬೇಕು.

ಕಾಳಿನ ಆಕಾರ ಅರ್ಧ ಕಥೆ ಹೇಳುತ್ತದೆ. ಹೊಗೆರಹಿತ ಮದ್ದು ಮುಖ್ಯವಾಗಿ ಮೂರು ರೂಪದಲ್ಲಿ ಬರುತ್ತದೆ. ದುಂಡನೆಯ ಕಾಳಿನದು ರಾಗಿಯಂತೆ ಹರಿಯುತ್ತದೆ, ಅಳತೆಗೆ ಬಲು ವಿಧೇಯ. ಚಪ್ಪಟೆ ಬಿಲ್ಲೆಯದು ಅವಲಕ್ಕಿ. ಒಂದರ ಮೇಲೊಂದು ಮಲಗಿದರೆ ಒತ್ತಾಗುತ್ತದೆ, ಅಡ್ಡ ನಿಂತರೆ ಪೊಳ್ಳಾಗುತ್ತದೆ. ಮೂರನೆಯದು ಪುಟ್ಟ ಕಡ್ಡಿಗಳ ರೂಪದ್ದು, ಮುರಿದ ಶಾವಿಗೆ ಎಂದುಕೊಳ್ಳಿ. ಉದ್ದನೆಯ ಕಡ್ಡಿಗಳು ಒಂದಕ್ಕೊಂದು ಅಡ್ಡಬಿದ್ದು ಕಮಾನು ಕಟ್ಟುತ್ತವೆ. ಉರುಳೆ ತಿರುಗುವಾಗ ಅಂಚಿಗೆ ಸಿಕ್ಕ ಕಡ್ಡಿ ‘ಕರಕ್’ ಎಂದು ಕತ್ತರಿಸುವುದು ಕೈಗೇ ಗೊತ್ತಾಗುತ್ತದೆ. ಅಂಥ ಮದ್ದಿನಲ್ಲಿ 0.2, 0.3 ಗ್ರೇನ್ ಆಚೀಚೆಯಾದರೆ ಅದು ರೋಗವಲ್ಲ, ಜಾಯಮಾನ. ರೈಫಲ್ ಬಳಸುವವರು ಮೆಚ್ಚುವ ಹಲವು ಮದ್ದುಗಳು ಈ ಕಡ್ಡಿ ಜಾತಿಯವೇ ಆಗಿರುವುದರಿಂದ ದೂರುಗಳೂ ಅಲ್ಲಿಂದಲೇ ಹೆಚ್ಚು. ಕಡ್ಡಿಯನ್ನು ಗಿಡ್ಡವಾಗಿ ಕತ್ತರಿಸಿದ ಬಗೆಗಳನ್ನು ಕಂಪನಿಗಳು ಮಾರುಕಟ್ಟೆಗೆ ತಂದದ್ದು ಇದೇ ಕಾರಣಕ್ಕೆ. ಕಡ್ಡಿ ಮದ್ದನ್ನೇ ಬಳಸುವುದಾದರೆ ಯಂತ್ರದಿಂದ ಸ್ವಲ್ಪ ಕಡಿಮೆ ಸುರಿದು, ಉಳಿದ ನಾಲ್ಕಾರು ಕಡ್ಡಿಗಳನ್ನು ತಕ್ಕಡಿಯ ಮೇಲೆ ಉದುರಿಸಿ ಸರಿದೂಗಿಸುವುದೇ ನೇರ ದಾರಿ. ಯಂತ್ರ ಬದಲಿಸುತ್ತ ಹೋದರೆ ಹಣ ಖರ್ಚಾಗುತ್ತದೆ, ಶಾವಿಗೆ ರಾಗಿಯಾಗುವುದಿಲ್ಲ.

ಇನ್ನು ತಕ್ಕಡಿ. ಹೆಚ್ಚಿನವರು ಕೊನೆಗೆ ಅನುಮಾನಿಸುವುದು ಅದನ್ನು. ಮೊದಲು ಅನುಮಾನಿಸಬೇಕಾದದ್ದೂ ಅದನ್ನೇ. ಸುರಿದ ಒಂದೇ ಮದ್ದನ್ನು, ಬಟ್ಟಲು ಎತ್ತಿ ಎತ್ತಿ ಇಟ್ಟು, ಹತ್ತು ಸಲ ತೂಗಿ ನೋಡಿ. ಮದ್ದು ಬದಲಾಗಿಲ್ಲ, ಅಂಕಿ ಬದಲಾಯಿತೆಂದರೆ ಅಳತೆಯಂತ್ರವನ್ನು ಮುಟ್ಟುವ ಅಗತ್ಯವೇ ಇಲ್ಲ. ಇದನ್ನು ಮಾಡದೆ ವಾರಗಟ್ಟಲೆ ಯಂತ್ರ ಬಿಚ್ಚಿ ಜೋಡಿಸಿದವರು ಬೇಕಾದಷ್ಟಿದ್ದಾರೆ. ಮನೆಬಳಕೆಯ ಎಲೆಕ್ಟ್ರಾನಿಕ್ ತಕ್ಕಡಿಗಳ ನಿಖರತೆ ಸಾಮಾನ್ಯವಾಗಿ 0.1 ಗ್ರೇನ್ ಆಚೀಚೆ ಎಂದೇ ಬರೆದಿರುತ್ತದೆ. ಪರದೆಯ ಮೇಲೆ 24.0 ಎಂದು ಮೂಡಿದ್ದು 23.9 ಇರಬಹುದು, 24.1 ಕೂಡ ಇರಬಹುದು. ಅದರ ಮೇಲೆ ಮನೆ ಬೆಚ್ಚಗಿಡುವ ಹೀಟರಿನಿಂದ ಬರುವ ಬಿಸಿಗಾಳಿ, ಸೀಲಿಂಗ್ ಫ್ಯಾನು, ಪಕ್ಕದಲ್ಲಿಟ್ಟ ಮೊಬೈಲು, ಟ್ಯೂಬ್‌ಲೈಟು, ಎಲ್ಲವೂ ಅಂಕಿಯನ್ನು ಕದಲಿಸಬಲ್ಲವು. ಆನ್ ಮಾಡಿದ ತಕ್ಷಣ ತೂಗತೊಡಗಿದರೆ ಸೊನ್ನೆಯೇ ನಿಧಾನವಾಗಿ ಜಾರುತ್ತಿರುತ್ತದೆ; ಅರ್ಧ ಗಂಟೆ ಬೆಚ್ಚಗಾಗಲು ಬಿಡಬೇಕು. ಒಂದೊಂದೇ ಕಾಳು ಉದುರಿಸಿದರೆ ಕೆಲವು ತಕ್ಕಡಿಗಳು ಅದನ್ನು ತಮ್ಮದೇ ಜಾರುವಿಕೆ ಎಂದು ತಿಳಿದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬಟ್ಟಲನ್ನು ಒಮ್ಮೆ ಎತ್ತಿಟ್ಟರೆ ಆಗ ಸತ್ಯ ಗೊತ್ತಾಗುತ್ತದೆ.

ಹಳೆಯ ದಂಡಿಗೆ ತಕ್ಕಡಿಗೆ ವಿದ್ಯುತ್ತಿನ ಕಾಟವಿಲ್ಲ. ಅದರ ಕಷ್ಟಗಳು ಕಣ್ಣಿಗೆ ಕಾಣುವಂಥವು: ಮೇಜು ಸಮತಟ್ಟಾಗಿಲ್ಲದಿರುವುದು, ದಂಡಿಗೆ ಕೂರುವ ಚೂಪು ಅಂಚಿನಲ್ಲಿ ದೂಳು, ಮುಳ್ಳನ್ನು ಓರೆಯಿಂದ ನೋಡುವ ಅಭ್ಯಾಸ. ಯಾವುದೇ ಇರಲಿ, ನಾವು ಸುರಿಯುವ ತೂಕದ ಆಸುಪಾಸಿನ ಒಂದು ಪ್ರಮಾಣಿತ ಬಟ್ಟು ಮೇಜಿನ ಮೇಲಿರಬೇಕು. ಇಪ್ಪತ್ತು ಸುರಿತಕ್ಕೊಮ್ಮೆ ಅದನ್ನಿಟ್ಟು ನೋಡುವುದು ನನಗೆ ಈಗ ರೂಢಿಯಾಗಿದೆ.

ತಕ್ಕಡಿ ನಿರ್ದೋಷಿ ಎಂದಾದ ಮೇಲೆ ಅಂಕಿಗಳ ಸಾಲನ್ನು ಓದಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಹತ್ತು ಸುರಿತಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ ಎಂದು ಹಲವರು ಕಲಿಸುತ್ತಾರೆ. ತಿರುಪನ್ನು ಕೂರಿಸಲು ಆ ಉಪಾಯ ಒಳ್ಳೆಯದೇ, ತಕ್ಕಡಿಯ ಸಣ್ಣ ತಪ್ಪು ಹತ್ತಕ್ಕೆ ಹಂಚಿಹೋಗುತ್ತದೆ. ಆದರೆ ತಪ್ಪಿದ ಈಡು ಅದೇ ರಾಶಿಯಲ್ಲಿ ಅಡಗಿ ಕೂರುತ್ತದೆ. ಜನವರಿಯ ನನ್ನ ಸಾಲನ್ನು ಹಾಗೆ ತೂಗಿದ್ದರೆ ತಕ್ಕಡಿ 241.0 ಎಂದು ತೋರಿಸಿ ನನ್ನನ್ನು ನೆಮ್ಮದಿಯಿಂದ ಮಲಗಿಸುತ್ತಿತ್ತು. ಒಂದೊಂದಾಗಿ, ಬಿದ್ದ ಕ್ರಮದಲ್ಲೇ ಬರೆದರೆ ಸಾಲು ಮಾತಾಡುತ್ತದೆ. ತೂಕ ಮೆಲ್ಲಮೆಲ್ಲನೆ ಒಂದೇ ಕಡೆ ಜಾರುತ್ತಿದ್ದರೆ ಒಂದೋ ಕೊಳವೆಯಲ್ಲಿ ಮದ್ದಿನ ಮಟ್ಟ ಇಳಿಯುತ್ತಿದೆ, ಇಲ್ಲವೇ ತಿರುಪಿನ ಬಿಗಿನಟ್ಟು ಸಡಿಲವಾಗಿದೆ. ಮೊದಲ ಐದಾರು ಮಾತ್ರ ಹಗುರವಾಗಿ ಆಮೇಲೆ ನಿಂತರೆ ಮದ್ದು ಇನ್ನೂ ಕೂತಿರಲಿಲ್ಲ. ಅದಕ್ಕೇ ಮೊದಲ ಹತ್ತನ್ನು ಮತ್ತೆ ಕೊಳವೆಗೇ ಸುರಿಯುವುದು ಪದ್ಧತಿ. ಚಹಾ ಕುಡಿದು ಬಂದ ಮೇಲಿನ ಮೊದಲನೆಯದು ಭಾರವಾಗಿದ್ದರೆ, ನಡುವೆ ಮೇಜಿನ ಅಲುಗಾಟಕ್ಕೆ ಮದ್ದು ಒತ್ತಾಗಿದೆ. ಯಾವ ಕ್ರಮವೂ ಇಲ್ಲದೆ ಆಚೀಚೆ ಹಾರಿದರೆ ಕೈಯನ್ನೋ ಕಾಳಿನ ಆಕಾರವನ್ನೋ ನೋಡಬೇಕು. ಒಂದು ಹಗುರ, ಅದರ ಹಿಂದೆಯೇ ಒಂದು ಭಾರ ಬಂದರೆ ಲಾಳಿಕೆಯಲ್ಲಿ ಮದ್ದು ಕಮಾನು ಕಟ್ಟಿ ನಿಂತಿತ್ತು.

ಕೊಳವೆಯ ಮಟ್ಟದ ಹಿಂದೆ ಸೊಗಸಾದ ವಿಜ್ಞಾನವಿದೆ. ನೀರಿನ ತೊಟ್ಟಿಯಲ್ಲಿ ಆಳ ಹೆಚ್ಚಿದಷ್ಟೂ ತಳದ ಒತ್ತಡ ಹೆಚ್ಚುತ್ತದೆ, ಕಾಳಿನ ಕಣಜದಲ್ಲಿ ಹಾಗಲ್ಲ. ಜರ್ಮನಿಯ ಎಂಜಿನಿಯರ್ ಯಾನ್ಸೆನ್ 1895ರಲ್ಲಿ ಧಾನ್ಯದ ಕಣಜಗಳ ಮಾದರಿಗಳನ್ನು ಪರೀಕ್ಷಿಸಿ ತೋರಿಸಿದ್ದು ಇದನ್ನು: ಕಾಳಿನ ಭಾರದಲ್ಲಿ ಬಹುಪಾಲನ್ನು ಗೋಡೆಗಳೇ ಹೊರುತ್ತವೆ, ಒಂದು ಎತ್ತರ ದಾಟಿದ ಮೇಲೆ ತಳಕ್ಕೆ ಹೆಚ್ಚಿನ ಒತ್ತಡ ತಲಪುವುದಿಲ್ಲ. ಹಾಗಾಗಿ ಕೊಳವೆ ತುಂಬಿದ್ದರೂ ಮುಕ್ಕಾಲಾಗಿದ್ದರೂ ಗುಳಿಗೆ ಹೆಚ್ಚಿನ ಭೇದ ತಿಳಿಯುವುದಿಲ್ಲ. ಮಟ್ಟ ತೀರ ಇಳಿದ ಮೇಲೆ ಒತ್ತಡ ಕುಸಿದು ಗುಳಿ ಸಡಿಲವಾಗಿ ತುಂಬುತ್ತದೆ. ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ ಎಂಬ ಹಳಬರ ಮಾತಿಗೂ, ಕೊಳವೆಯೊಳಗೆ ಹಾಕುವ ತೂತಿನ ತಗಡಿಗೂ ಇದೇ ಆಧಾರ. ಆ ತಗಡು ಮೇಲಿನ ಭಾರವನ್ನು ತಾನು ಹೊತ್ತು ಕೆಳಗಿನ ಮದ್ದಿಗೆ ಸದಾ ಒಂದೇ ಒತ್ತಡ ಸಿಗುವಂತೆ ಮಾಡುತ್ತದೆ.

ಹೊಸ ಯಂತ್ರದ ಒಳಗೆ ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಎಣ್ಣೆ ಸವರಿರುತ್ತಾರೆ. ಅದನ್ನು ಪೂರ್ತಿ ತೊಳೆಯದಿದ್ದರೆ ಕಾಳುಗಳು ಗುಳಿಯ ಗೋಡೆಗೆ ಅಂಟುತ್ತವೆ. ತೊಳೆದು ಒಣಗಿಸಿ, ಒಂದು ಪೌಂಡಿನಷ್ಟು ಮದ್ದನ್ನು ಸುಮ್ಮನೆ ಹಾಯಿಸಿದರೆ ಕಾಳುಗಳ ಮೇಲಿನ ಗ್ರಾಫೈಟ್ ಲೋಹಕ್ಕೆ ತೆಳುವಾಗಿ ಹತ್ತಿ ಹಾದಿ ನುಣುಪಾಗುತ್ತದೆ. ಇನ್ನೊಂದು ಕಾಟ ಸ್ಥಿರ ವಿದ್ಯುತ್ತಿನದು. ಇಲ್ಲಿನ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ಎಷ್ಟು ಒಣಗುತ್ತದೆಂದರೆ ಉಣ್ಣೆಯ ಅಂಗಿ ಬಿಚ್ಚಿದರೆ ಕಿಡಿ ಚಟಪಟಿಸುತ್ತದೆ. ಪ್ಲಾಸ್ಟಿಕ್ ಕೊಳವೆಯ ಒಳಗೋಡೆಗೆ ಮದ್ದು ಸೀರೆಯ ನೆರಿಗೆಯಂತೆ ಅಂಟಿ ನಿಂತದ್ದನ್ನು ನೋಡಿದ್ದೇನೆ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಡ್ರೈಯರ್ ಶೀಟಿನಿಂದ ಒರೆಸಿದರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಮೆಷರನ್ನು ಭೂಸಂಪರ್ಕದ ತಂತಿಗೆ ಜೋಡಿಸುವವರೂ ಇದ್ದಾರೆ.

ಕೈಯ ವಿಷಯ ಚಿಕ್ಕದು, ಕಲಿಯಲು ಮಾತ್ರ ತಡ. ಹಿಡಿಯನ್ನು ಪ್ರತಿ ಸಲ ಒಂದೇ ವೇಗದಲ್ಲಿ ಎತ್ತಿ, ತುದಿಯಲ್ಲಿ ಒಂದೇ ಬಲದಿಂದ ತಟ್ಟಿ, ಒಂದೇ ಹೊತ್ತು ನಿಲ್ಲಿಸಿ ಇಳಿಸಬೇಕು. ಎರಡು ಸಲ ತಟ್ಟುವವರು ಎರಡೇ ಸಲ ತಟ್ಟಲಿ, ತಟ್ಟದವರು ತಟ್ಟುವುದೇ ಬೇಡ. ಮಾತಾಡುತ್ತ ಸುರಿದರೆ ಅಂಕಿಯಲ್ಲಿ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಉಳಿಯುವ ಅಲ್ಪ ಏರುಪೇರು ನಿಜಕ್ಕೂ ಲೆಕ್ಕಕ್ಕೆ ಬರುತ್ತದೆಯೇ? ಇಲ್ಲಿ ನನ್ನ ಅಭಿಪ್ರಾಯ ಹಲವರಿಗಿಂತ ಬೇರೆ. ದೊಡ್ಡ ರೈಫಲ್ ತೋಟೆಯ 40 ಗ್ರೇನಿನಲ್ಲಿ 0.1 ಎಂದರೆ ನೂರಕ್ಕೆ ಕಾಲು ಪಾಲು. ಪಿಸ್ತೂಲಿನ 4 ಗ್ರೇನಿನಲ್ಲಿ ಅದೇ 0.1 ನೂರಕ್ಕೆ ಎರಡೂವರೆ ಪಾಲು. ಜನ ರೈಫಲ್ ಈಡನ್ನು ಕಡ್ಡಿ ಎಣಿಸಿ ತೂಗುತ್ತಾರೆ, ಪಿಸ್ತೂಲಿನದನ್ನು ಗಂಟೆಗೆ ಐನೂರರಂತೆ ಸುರಿಯುತ್ತಾರೆ. ಎಚ್ಚರ ಬೇಕಾದಲ್ಲಿ ಕಡಿಮೆ, ಬೇಡದಲ್ಲಿ ಹೆಚ್ಚು. 100 ಮತ್ತು 200 ಗಜದ ಬೆಂಚ್‌ರೆಸ್ಟ್ ಸ್ಪರ್ಧಿಗಳನ್ನೇ ನೋಡಿ. ಐದು ಗುಂಡುಗಳನ್ನು ಒಂದೇ ತೂತಿನಂತೆ ಹೊಡೆಯುವ ಈ ಜನರಲ್ಲಿ ಬಹಳ ಮಂದಿ ಮೈದಾನದ ಮೇಜಿನ ಮೇಲೆಯೇ, ತೂಗದೆ, ಯಂತ್ರದಿಂದ ಸುರಿದುಕೊಂಡು ಗೆದ್ದಿದ್ದಾರೆ. ಹೋಮರ್ ಕಲ್ವರ್ ಎಂಬ ಸ್ಪರ್ಧಿ ಲೈಮನ್ ಯಂತ್ರವನ್ನು ತಿದ್ದಿ ತಿರುಪಿನ ‘ಕ್ಲಿಕ್’ ಎಣಿಕೆಯಿಂದಲೇ ಅಳತೆ ಹೇಳುವ ಪದ್ಧತಿಗೆ ತಮ್ಮ ಹೆಸರನ್ನೇ ಬಿಟ್ಟುಹೋದರು. ಈ ಸ್ಪರ್ಧಿಗಳು ಅಷ್ಟಿಷ್ಟು ಹೆಚ್ಚುಕಡಿಮೆಗೆ ಗುಂಡಿನ ಜಾಗ ಕದಲದಂಥ ಅಳತೆಯನ್ನು ಹುಡುಕಿ ಬಳಸುತ್ತಾರೆ. 1000 ಗಜಕ್ಕೆ ಹೊಡೆಯುವವರ ಮಾತು ಬೇರೆ. ಅಲ್ಲಿ ವೇಗದ ಸಣ್ಣ ಅಂತರವೂ ಗುಂಡನ್ನು ಇಂಚುಗಟ್ಟಲೆ ಕೆಳಗೆ ಬೀಳಿಸುತ್ತದೆ, ಅವರು ತೂಗಲೇಬೇಕು. ನಡುವಿನ ನಮ್ಮಂಥವರು 0.1ರ ಬೆನ್ನು ಹತ್ತಿ ಸಂಜೆಗಳನ್ನು ಕಳೆಯುವುದಕ್ಕಿಂತ, ಸಾಲಿನಿಂದ ಹೊರಬಿದ್ದ ಒಂಟಿ ಈಡನ್ನು ಹುಡುಕುವುದರಲ್ಲಿ ಕಳೆಯಬೇಕು.

ಹೀಗೆ ಹೇಳಲು ನನಗೆ ಆದ ಒಂದು ಅನುಭವವೇ ಕಾರಣ. ಕೆಲವು ವರ್ಷಗಳ ಹಿಂದೆ ಮೈದಾನದಲ್ಲಿ ಪಿಸ್ತೂಲಿನ ಕುದುರೆ ಎಳೆದಾಗ ‘ಪಟ್’ ಎಂಬ ಪೊಳ್ಳು ಸದ್ದಾಯಿತು, ಕೈಗೆ ಒದೆತ ಬರಲಿಲ್ಲ. ಪಕ್ಕದ ಹಿರಿಯರೊಬ್ಬರು ಕೂಗಿ ತಡೆದರು. ಬಿಚ್ಚಿ ನೋಡಿದರೆ ಗುಂಡು ನಳಿಗೆಯ ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಮ್ಮೆ ಹೊಡೆದಿದ್ದರೆ ನಳಿಗೆ ಉಬ್ಬುತ್ತಿತ್ತು, ಬಿರಿಯಲೂಬಹುದಿತ್ತು. ಅವಲಕ್ಕಿ ಜಾತಿಯ ಮದ್ದು ಲಾಳಿಕೆಯಲ್ಲಿ ಕಚ್ಚಿಕೊಂಡು ಆ ತೋಟೆಗೆ ಬಹುತೇಕ ಏನೂ ಬಿದ್ದಿರಲಿಲ್ಲ. ಹಾಗಾದರೆ ಅದರ ಪಾಲು ಎಲ್ಲಿ? ಅದೇ ಪೆಟ್ಟಿಗೆಯಲ್ಲಿ, ಇನ್ನೊಂದು ತೋಟೆಯೊಳಗೆ, ಎರಡು ಪಾಲಾಗಿ ಕೂತಿತ್ತು. ಮುಚ್ಚಿದ ತೋಟೆಗಳನ್ನು ತೂಗಿ ಅದನ್ನು ಹುಡುಕಲಾಗುವುದಿಲ್ಲ, ಹಿತ್ತಾಳೆ ಮತ್ತು ಗುಂಡುಗಳ ತೂಕದ ಏರುಪೇರೇ ಮದ್ದಿನ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಉಳಿದ 146 ತೋಟೆಗಳನ್ನೂ ಗುಂಡು ಕೀಳುವ ಸುತ್ತಿಗೆಯಿಂದ ಒಂದೊಂದಾಗಿ ಬಿಚ್ಚಿದೆ. ಎರಡು ರಾತ್ರಿ ಹಿಡಿಯಿತು. ತೊಂಬತ್ತರ ಆಸುಪಾಸಿನಲ್ಲಿ ಅದು ಸಿಕ್ಕಿತು.

ಅಂದಿನಿಂದ ಗುಂಡು ಕೂರಿಸುವ ಮುನ್ನ ಐವತ್ತು ಕೋಶಗಳನ್ನೂ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚು ಹಿಡಿದು, ಪ್ರತಿ ಬಾಯೊಳಗೂ ಇಣುಕುತ್ತೇನೆ. ಮಟ್ಟ ಏರಿದ್ದೋ ಇಳಿದದ್ದೋ ಕಣ್ಣಿಗೆ ಹೊಡೆಯುತ್ತದೆ. ಪಿಸ್ತೂಲಿಗೆ ಈಗ ಆರಿಸುವುದು ಜಾಗ ತುಂಬುವ ಉಬ್ಬು ಮದ್ದನ್ನೇ. ಎರಡು ಸಲ ಬಿದ್ದರೆ ಅದು ಕೋಶದ ಬಾಯಿಂದ ಉಕ್ಕಿ ತಾನೇ ಚಾಡಿ ಹೇಳುತ್ತದೆ. ಸಾಂದ್ರ ಮದ್ದಿನ ಎರಡು ಪಾಲು ದೊಡ್ಡ ಕೋಶದ ತಳದಲ್ಲಿ ಸದ್ದಿಲ್ಲದೆ ಅಡಗಬಲ್ಲದು. ಹಿಡಿ ಒಮ್ಮೆ ಎಳೆದರೆ ಒಂದು ತೋಟೆ ಉದುರಿಸುವ ಸಾಲುಯಂತ್ರಗಳಿಗೆ ಮದ್ದಿನ ಮಟ್ಟ ತಪ್ಪಿದರೆ ಗಂಟೆ ಬಾರಿಸುವ, ಇಲ್ಲವೇ ಯಂತ್ರವನ್ನೇ ತಡೆದು ನಿಲ್ಲಿಸುವ ಉಪಕರಣ ಸಿಗುತ್ತದೆ. ಅಂಥ ಯಂತ್ರ ಬಳಸುವವರು ಬೇರೆ ಯಾವುದಕ್ಕೂ ಮುನ್ನ ಅದಕ್ಕೆ ಹಣ ಕೊಡಬೇಕು ಎನ್ನುತ್ತೇನೆ.

ಈಗೀಗ ಗುಂಡಿ ಒತ್ತಿದರೆ ತಾನೇ ಉದುರಿಸಿ ತಾನೇ ತೂಗುವ ಎಲೆಕ್ಟ್ರಾನಿಕ್ ಯಂತ್ರಗಳು ಬಂದಿವೆ. ಕಡ್ಡಿ ಮದ್ದಿಗೆ ಅವು ನಿಜವಾದ ಬಿಡುಗಡೆ. ಆದರೂ ತೂಕವೇ ಕೊನೆಯ ಮಾತು ಎನ್ನುವಂತಿಲ್ಲ. ಮದ್ದು ಗಾಳಿಯಿಂದ ತೇವ ಹೀರುತ್ತದೆ, ಒಣಗಾಳಿಗೆ ತೇವ ಬಿಟ್ಟುಕೊಡುತ್ತದೆ. ಒಣಗಿದ ಮದ್ದು ಹಗುರವೂ ಹೌದು, ಉರಿಯುವುದೂ ಚುರುಕು. ಮಳೆಗಾಲದ ಇಪ್ಪತ್ತು ಗ್ರೇನಿನಲ್ಲಿ ಒಂದಿಷ್ಟು ನೀರೂ ಸೇರಿದೆ. ಆದ್ದರಿಂದಲೇ ಕೊಳವೆಯಲ್ಲಿ ಮದ್ದನ್ನು ರಾತ್ರಿಯಿಡೀ ಬಿಡಬಾರದು. ತೇವದ ಮಾತು ಹಾಗಿರಲಿ, ಅದು ಯಾವ ಮದ್ದೆಂಬುದೇ ಬೆಳಗ್ಗೆ ಮರೆತಿರಬಹುದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಡಬ್ಬಿ, ಕೆಲಸ ಮುಗಿದ ತಕ್ಷಣ ಉಳಿದದ್ದು ಅದೇ ಡಬ್ಬಿಗೆ, ಗುಳಿ ಖಾಲಿಯಾಗುವ ತನಕ ಹಿಡಿಯನ್ನು ಎಳೆಯುವುದು. ಇದರಲ್ಲಿ ರಾಜಿಯಿಲ್ಲ.

ಮೊನ್ನೆ ಜನವರಿಯ ಆ ಮದ್ದಿನದೇ ಹೆಸರಿನ ಹೊಸ ಡಬ್ಬಿಯೊಂದನ್ನು ತೆರೆದೆ. ತಿರುಪು ಹಳೆಯ ಗುರುತಿನಲ್ಲೇ ಇತ್ತು. ಮೊದಲ ಹತ್ತನ್ನು ವಾಪಸು ಸುರಿದು, ಬಟ್ಟು ಇಟ್ಟು ತಕ್ಕಡಿ ನೋಡಿ, ಬರೆಯತೊಡಗಿದೆ: 23.7, 23.7, 23.6, 23.8. ಸಾಲು ನೇರವಾಗಿದೆ, ಮದ್ದಿನ ಲಾಟು ಮಾತ್ರ ಬೇರೆ. ತಿರುಪನ್ನು ಎರಡು ಗೆರೆ ಬಿಚ್ಚಿ, ಪುಸ್ತಕದ ಹೊಸ ಪುಟ ತಿರುವಿ, ದಿನಾಂಕ ಹಾಕಿ ಮತ್ತೆ ಒಂದರಿಂದ ಬರೆದೆ.